ಕಿಫುನೆಯ ಮಳೆ ದೇವರ ಹತ್ತಿರ ಹೋಗುವವರಿಗೆ

ಕ್ಯೋಟೋ, ಒಸಾಕಾ ಕಡೆಗೆ ಹೊಸದಾಗಿ ಬಂದವರೆಲ್ಲ ಮೊದಲ ರಜೆಗೇ ಫುಶಿಮಿ ಇನಾರಿ ದೇಗುಲಕ್ಕೆ ಓಡುತ್ತಾರೆ. ಹೋಗಿ, ಬೇಡ ಅನ್ನಲ್ಲ. ಆದರೆ ಇಲ್ಲಿನ ಜುಲೈ ಸೆಕೆಗೆ ಸಾಕಾಗಿ ಹೋದರೆ ಬೆಟ್ಟದ ನಡುವಿನ ಕಿಫುನೆ ದೇಗುಲವೇ ವಾಸಿ. ಅಲ್ಲಿರುವುದು ಮಳೆ, ನೀರಿನ ದೇವರು ತಕಾಒಕಾಮಿ.

ಕ್ಯೋಟೋದ ದೆಮಾಚಿಯಾನಗಿ ನಿಲ್ದಾಣದಲ್ಲಿ ಏಜಾನ್ ರೈಲು ಹತ್ತಿದರೆ ಸುಮಾರು ಅರ್ಧ ಗಂಟೆಗೆ ಕಿಬುನೆಗುಚಿ ನಿಲ್ದಾಣ. ಅಲ್ಲಿಂದ ದೇಗುಲ 2 ಕಿ.ಮೀ. ದೂರ; ಬಸ್ಸಿದೆ, ಹೊಳೆ ಪಕ್ಕದಲ್ಲೇ ನಡೆದೂ ಹೋಗಬಹುದು. ರಸ್ತೆ ಕಿರಿದು, ಕಾರುಗಳ ಮೇಲೆ ಕಣ್ಣಿರಲಿ.

‘ತೋರಿ’ ಎಂಬ ದೇಗುಲದ ಹೆಬ್ಬಾಗಿಲಲ್ಲಿ ಸ್ವಲ್ಪ ತಲೆಬಾಗಿ, ದಾರಿಯ ಅಂಚಿನಲ್ಲಿ ನಡೆಯಿರಿ. ನಡುದಾರಿ ದೇವರದ್ದು. ಕೈ ತೊಳೆಯುವ ನೀರಿನ ತೊಟ್ಟಿಯ ಹತ್ತಿರ ಸೌಟು ಇಟ್ಟಿದ್ದರೆ ಮೊದಲು ಎಡಗೈ, ಆಮೇಲೆ ಬಲಗೈ ತೊಳೆದು, ಎಡಗೈಗೆ ನೀರು ಸುರಿದುಕೊಂಡು ಬಾಯಿ ಮುಕ್ಕಳಿಸಿ. ಸೌಟಿಗೆ ಬಾಯಿ ಹಚ್ಚಬಾರದು. ದೇವರ ಮುಂದೆ ನಾಣ್ಯ ಹಾಕಿ, ಎರಡು ಸಲ ಬಾಗಿ, ಎರಡು ಚಪ್ಪಾಳೆ ತಟ್ಟಿ, ಕೈಮುಗಿದು ಕೇಳಿಕೊಳ್ಳಿ, ಮತ್ತೊಮ್ಮೆ ಬಾಗಿ. ಚಪ್ಪಲಿ ಬಿಡಬೇಕಿಲ್ಲ. ಮಂಗಳಾರತಿಗೆ ಕಾಯುವುದೂ ಬೇಡ. ತೀರ್ಥ ಕೊಡುವವರಿಲ್ಲ, ಆದರೆ ಬೆಟ್ಟದಿಂದ ಬರುವ ನೀರನ್ನು ಬಾಟಲಿಗೆ ತುಂಬಿಕೊಳ್ಳಬಹುದು.

ಮಳೆಗಾಗಿ ನಮ್ಮೂರಲ್ಲಿ ಕಪ್ಪೆ ಮದುವೆ ಮಾಡುತ್ತಾರಲ್ಲ, ಇಲ್ಲಿ ಕುದುರೆ ಕೊಡುತ್ತಿದ್ದರು. ಮಳೆ ಬೇಕಿದ್ದರೆ ಕರಿ ಕುದುರೆ, ನಿಲ್ಲಬೇಕಿದ್ದರೆ ಬಿಳಿ ಕುದುರೆ. ಆಮೇಲೆ ಹಲಗೆಯ ಕುದುರೆ ಬಂತು. ಇವತ್ತು ಜಪಾನಿನ ದೇಗುಲಗಳಲ್ಲೆಲ್ಲ ಹರಕೆ ಬರೆದು ನೇತುಹಾಕುವ ಎಮಾ ಹಲಗೆಯ ಮೂಲ ಇದೇ ಅಂತ ಇಲ್ಲಿನವರು ಹೇಳುತ್ತಾರೆ. ಭವಿಷ್ಯದ ಚೀಟಿಯೂ ನೀರಿನದ್ದೇ: ಖಾಲಿ ಕಾಗದವನ್ನು ನೀರಲ್ಲಿ ತೇಲಿಬಿಟ್ಟರೆ ಅಕ್ಷರ ಮೂಡುತ್ತವೆ. ಮಕ್ಕಳಿಗೆ ಇದು ಬಲು ಖುಷಿ.

ಜಾಸ್ತಿ ಜನ ಕೆಂಪು ದೀಪಗಳ ಮೆಟ್ಟಿಲ ಮೇಲೆ ಫೋಟೋ ತೆಗೆದು ಅಲ್ಲಿಂದಲೇ ವಾಪಸ್. ಅಷ್ಟಕ್ಕೇ ಅಷ್ಟು ದೂರ ಹೋಗಬೇಕಾ? ಇನ್ನೊಂದು 10-15 ನಿಮಿಷ ಮೇಲೆ ನಡೆದರೆ ಒಕುಮಿಯಾ, ಅಂದರೆ ಒಳಗಿನ ಗುಡಿ. ದೇಗುಲ ಮೊದಲು ಇದ್ದದ್ದೇ ಅಲ್ಲಿ. 1046ರ ಪ್ರವಾಹದಲ್ಲಿ ಹಾಳಾಯಿತು, 1055ರಲ್ಲಿ ಈಗಿನ ಜಾಗಕ್ಕೆ ಬಂತು. ನೀರಿನ ದೇವರನ್ನೇ ನೀರು ಎಬ್ಬಿಸಿತು, ನೋಡಿ! ಒಕುಮಿಯಾದ ಗುಡಿಯ ಕೆಳಗೆ ಡ್ರ್ಯಾಗನ್ ಬಿಲ ಇದೆಯಂತೆ, ಅದನ್ನು ಯಾರೂ ನೋಡುವಂತಿಲ್ಲ. ಪಕ್ಕದಲ್ಲಿ ದೋಣಿ ಆಕಾರದ ಕಲ್ಲುಗುಪ್ಪೆ. ತಮಾಯೊರಿಹಿಮೆ ಎಂಬ ಪುರಾಣದ ದೇವಿ ಒಸಾಕಾ ಕೊಲ್ಲಿಯಿಂದ ಹೊಳೆಯ ಮೇಲೆ ದೋಣಿಯಲ್ಲಿ ಬಂದಳು, ಆ ದೋಣಿಯೇ ಇದರೊಳಗಿದೆ ಎಂಬ ಕತೆ. ಇಳಿಯುವಾಗ ನಡುವಿನ ಯುಯಿನೊಯಾಶಿರೊ ಗುಡಿಗೂ ಹೋಗಿ. ಮದುವೆ, ಸಂಬಂಧಕ್ಕೆ ಹರಕೆ ಹೊರುವವರು ಅಲ್ಲಿಗೆ ಬರುತ್ತಾರೆ.

ಬೇಸಿಗೆಯಲ್ಲಿ ಹೊಳೆಯ ಮೇಲೇ ಜಗಲಿ ಕಟ್ಟಿ ಊಟ ಬಡಿಸುತ್ತಾರೆ. ಚೆನ್ನಾಗಿರುತ್ತದೆ, ದುಬಾರಿ. ಸಸ್ಯಾಹಾರಿಗಳು ಸುಮ್ನೆ ಹೋಗಿ ಕೂರಬೇಡಿ, ತರಕಾರಿ ಸಾರಿಗೂ ದಾಶಿ ಎಂಬ ಮೀನಿನ ರಸ ಬಿದ್ದಿರುತ್ತದೆ. ಹೊರಡುವ ಮೊದಲು ಮನೆಯಲ್ಲೇ ತಿಂದುಬಿಡಿ, ಇಲ್ಲವೇ ಚಿತ್ರಾನ್ನ ಕಟ್ಟಿಕೊಳ್ಳಿ. ಅದನ್ನು ಗುಡಿಯ ಅಂಗಳದಲ್ಲಿ ಬಿಚ್ಚಬೇಡಿ, ಕಸ ಮನೆಗೇ ತನ್ನಿ.