ಮುಂಗಾರಿಗೆ ಮುನ್ನ ಮನೆಯ ನೀರಿನ ಕೆಲಸ: ತಾರಸಿಯಿಂದ ಚೇಂಬರಿನವರೆಗೆ

ಬೆಂಗಳೂರು, ಮೈಸೂರು ಕಡೆಯ ಸೈಟಿನ ಮನೆಗಳಲ್ಲಿ ನೀರಿನ ಏರ್ಪಾಡು ಹೆಚ್ಚುಕಡಿಮೆ ಒಂದೇ ಥರ: ಅಂಗಳದಲ್ಲಿ ನೆಲದಡಿಯ ತೊಟ್ಟಿ ಅಂದರೆ ಸಂಪು, ಪಕ್ಕದಲ್ಲಿ ಮೋಟಾರು, ತಾರಸಿ ಮೇಲೆ ಟ್ಯಾಂಕು. ಇದನ್ನೆಲ್ಲ ವರ್ಷಕ್ಕೊಮ್ಮೆ ಬಿಚ್ಚಿ ನೋಡಲು ಮೇ ತಿಂಗಳ ಮೊದಲ ಎರಡು ವಾರ ಸರಿಯಾದ ಹೊತ್ತು. ಭರಣಿ, ಕೃತ್ತಿಕೆ ಮಳೆ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಸುರಿಯುವುದರಿಂದ ಬೆಳಗಿನ ಹೊತ್ತು ಕೆಲಸಕ್ಕೆ ಬಿಡುವು ಸಿಗುತ್ತದೆ. ಬೇಸಿಗೆಯಲ್ಲಿ ಸಂಪು ಹೇಗೂ ತಳ ಕಂಡಿರುತ್ತದೆ, ತೊಳೆಯಲು ನೀರು ಚೆಲ್ಲಬೇಕಾಗಿಲ್ಲ. ರೋಹಿಣಿ ಮಳೆ ಕಾಲಿಟ್ಟ ಮೇಲೆ ಪ್ಲಂಬರ್ ಸಿಗುವುದೂ ಕಷ್ಟ.

ನೀರು ಹರಿಯುವ ದಾರಿಯಲ್ಲೇ ಕೆಲಸವೂ ಸಾಗಲಿ. ಮೊದಲು ತಾರಸಿ, ಮಳೆ ಪೈಪು. ಆಮೇಲೆ ಸಂಪು, ಅದಾದ ಮೇಲೆ ಟ್ಯಾಂಕು, ನಲ್ಲಿ. ಕೊನೆಗೆ ಹೊಲಸು ನೀರಿನ ಪೈಪುಗಳು ಸೇರುವ ಗುಂಡಿ, ಅಂದರೆ ಚೇಂಬರ್. ಹಲವರು ಟ್ಯಾಂಕನ್ನು ಫಳಫಳ ತೊಳೆಸಿ ಸಂಪನ್ನು ಮುಂದಿನ ತಿಂಗಳಿಗೆ ಬಿಡುತ್ತಾರೆ. ಸಂಜೆ ಮೋಟಾರು ಹಾಕಿದರೆ ಸಂಪಿನ ಕೆಸರು ಮತ್ತೆ ಮೇಲೇರುತ್ತದೆ, ತೊಳೆದ ಕೂಲಿ ದಂಡ.

ತಾರಸಿ

ಸಾವಿರ ಚದರಡಿ ತಾರಸಿ ಮೇಲೆ ಒಂದು ಇಂಚು ಮಳೆ ಬಿದ್ದರೆ ಸುಮಾರು 2,300 ಲೀಟರ್ ನೀರು. ಜೋರು ಮಳೆಯಲ್ಲಿ ಇಷ್ಟೂ ಅರ್ಧ ಗಂಟೆಯೊಳಗೆ ಎರಡು ನಾಲ್ಕಿಂಚಿನ ಪೈಪುಗಳಲ್ಲಿ ಇಳಿಯಬೇಕು. ಹೊಂಗೆ ಹೂವು, ಒಣಗಿದೆಲೆ, ಪಾರಿವಾಳದ ಪುಕ್ಕ ಸೇರಿ ಬಾಯಿ ಕಟ್ಟಿದರೆ ನೀರು ನಿಂತು ಛಾವಣಿಗೆ ಇಂಗುತ್ತದೆ. ಗುಡಿಸಿದ ಕಸ ಪೈಪಿನೊಳಗೆ ಹೋಗದ ಹಾಗೆ ಮೊದಲು ಬಾಯಿಗೆ ಬಟ್ಟೆ ತುರುಕಿ, ಆಮೇಲೆ ಗುಡಿಸಿ. ಕಸ ತೆಗೆದು ಬಟ್ಟೆ ಎಳೆದ ಮೇಲೆ ಒಂದೊಂದು ಬಾಯಿಗೂ ಎರಡು ಬಕೆಟ್ ನೀರು ಒಮ್ಮೆಲೇ ಸುರಿಯಿರಿ. ಕೆಳಗೆ ತಡವಾಗಿ ಬಂದರೆ, ಗುಳುಗುಳು ಸದ್ದಾದರೆ ಪೈಪು ತಿರುಗುವ ಬೆಂಡಿನಲ್ಲಿ ಏನೋ ಸಿಕ್ಕಿದೆ. ಕಬ್ಬಿಣದ ಸರಳು ತೂರಿಸಬೇಡಿ, ಬಿಸಿಲಿಗೆ ಪೆಡಸಾದ ಪಿವಿಸಿ ಬೆಂಡು ಒಡೆಯುತ್ತದೆ. ಕೆಳಗಿನಿಂದ ಹೋಸ್ ಪೈಪು ತೂರಿಸಿ ನೀರು ಬಿಟ್ಟರೆ ಬಹುಪಾಲು ಕಸ ಕಳಚಿಕೊಳ್ಳುತ್ತದೆ. ಬಾಯಿಗೆ ಚಪ್ಪಟೆ ಜಾಲರಿಗಿಂತ ಗುಮ್ಮಟದಂತೆ ಮೇಲೆದ್ದ ಜಾಲರಿ ಒಳ್ಳೆಯದು. ಚಪ್ಪಟೆಯದನ್ನು ಮುಚ್ಚಲು ಒಂದು ಬಾದಾಮಿ ಎಲೆ ಸಾಕು.

ಮಳೆ ಪೈಪು ಕೊನೆಗೆ ಎಲ್ಲಿಗೆ ಸೇರುತ್ತದೆ ಎಂದು ಈಗಲೇ ನೋಡಿ. ಕಕ್ಕಸಿನ ಚೇಂಬರ್ ಮುಚ್ಚಳ ತೆರೆದಿಟ್ಟು ಮೇಲಿಂದ ಇನ್ನೊಂದು ಬಕೆಟ್ ಸುರಿಯಿರಿ. ನೀರು ಅಲ್ಲಿ ಕಂಡರೆ ಕಟ್ಟಿದವರು ಖರ್ಚು ಉಳಿಸಲು ಒಳಚರಂಡಿಗೇ ಜೋಡಿಸಿದ್ದಾರೆ ಎಂದರ್ಥ. ಆ ಕೊಳವೆಗಳು ಮಳೆನೀರಿನ ಲೆಕ್ಕ ಇಟ್ಟು ಹಾಕಿದವಲ್ಲ. ರಸ್ತೆಯ ಮ್ಯಾನ್‌ಹೋಲ್ ತುಂಬಿದಾಗ ಹೊಲಸು ನೀರು ಹಿಂದಕ್ಕೆ ನುಗ್ಗಿ ನೆಲಮಹಡಿಯ ಬಚ್ಚಲಲ್ಲಿ ಉಕ್ಕುತ್ತದೆ. ಪೈಪನ್ನು ಇಂಗುಗುಂಡಿಗೋ ರಸ್ತೆ ಬದಿಯ ಮಳೆ ಚರಂಡಿಗೋ ತಿರುಗಿಸಿ. ಮನೆ ರಸ್ತೆಗಿಂತ ತಗ್ಗಿನಲ್ಲಿದ್ದರೆ ಹೊರಗಿನ ಕೊನೆಯ ಚೇಂಬರಿಗೆ ನೀರು ಹಿಂದಕ್ಕೆ ಬಾರದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್ ಹಾಕಿಸುವುದು ದುಂದಲ್ಲ.

ಬೆಂಗಳೂರಿನಲ್ಲಿ 2009ರ ಕಾನೂನಿನಿಂದ ಮಳೆನೀರು ಕೊಯ್ಲು ಕಡ್ಡಾಯವಾಗಿರುವುದರಿಂದ ಬಹಳ ಮನೆಗಳಲ್ಲಿ ಫಿಲ್ಟರ್ ಇದೆ. ಹಾಕಿಸಿದ ದಿನದಿಂದ ತೆರೆಯದವೇ ಹೆಚ್ಚು. ಜಲ್ಲಿ, ಮರಳು ತೆಗೆದು ತೊಳೆದು ಒಣಗಿಸಿ ಮತ್ತೆ ತುಂಬಿ. ವರ್ಷದ ಮೊದಲ ಮಳೆ ಸಂಪಿಗೆ ಬೇಡ. ಮೊದಲ ಎರಡು ಮಿಲಿಮೀಟರ್, ಅಂದರೆ ಸಾವಿರ ಚದರಡಿಗೆ ಸುಮಾರು 180 ಲೀಟರ್, ಹಕ್ಕಿ ಹಿಕ್ಕೆಯನ್ನೂ ಧೂಳನ್ನೂ ಹೊತ್ತು ಬರುತ್ತದೆ. ಅಷ್ಟು ಹೊರಗೆ ಹೋಗಲು ಪೈಪಿನ ಕೆಳತುದಿಯ ಮುಚ್ಚಳ ತಿರುವಿ ಬಿಡಿ. ಕರಾವಳಿ, ಮಲೆನಾಡಿನ ಹೆಂಚಿನ ಮನೆಗಳಲ್ಲಾದರೆ ತಾರಸಿಯ ಬದಲು ಸೂರಿನಂಚಿನಲ್ಲಿ ಮಳೆನೀರು ಹಿಡಿಯುವ ದಂಬೆಯ ಕೆಲಸ: ಇಳಿಜಾರು ಕೆಟ್ಟಿದೆಯೇ, ಹಿಡಿದ ಕ್ಲಿಪ್ಪುಗಳು ತುಕ್ಕು ತಿಂದಿವೆಯೇ ನೋಡಿದರಾಯಿತು.

ಸಂಪು

ಮೊದಲು ಜೀವದ ಮಾತು. ಮುಚ್ಚಿದ ಸಂಪಿನಲ್ಲಿ ಉಸಿರಾಡಲು ಗಾಳಿ ಸಾಲದೆ ಜನ ಸತ್ತಿದ್ದಾರೆ. ಮುಚ್ಚಳವನ್ನು ಕೆಲವು ಗಂಟೆ ಮುಂಚೆಯೇ ತೆರೆದಿಡಿ. ಒಳಗೊಬ್ಬರು ಇಳಿದರೆ ಮೇಲೊಬ್ಬರು ನಿಲ್ಲಲೇಬೇಕು. ಪೆಟ್ರೋಲ್ ಪಂಪನ್ನು ಒಳಗಿಳಿಸಬೇಡಿ. ಮೋಟಾರಿನ ಸ್ವಿಚ್ ಆರಿಸಿದರೆ ಸಾಲದು, ವಿದ್ಯುತ್ ಬೋರ್ಡಿನ ಎಂಸಿಬಿಯನ್ನೇ ಇಳಿಸಿ. ಒಳಗಿದ್ದವರು ಕುಸಿದರೆ ಅವರ ಹಿಂದೆ ನೀವೂ ಧುಮುಕದೆ 112ಕ್ಕೆ ಕರೆ ಮಾಡಿ.

ನೀರನ್ನು ಬಳಸಿ ಖಾಲಿ ಮಾಡುತ್ತಾ ಬನ್ನಿ, ಆದರೆ ತಳದ ನಾಲ್ಕೈದು ಇಂಚನ್ನು ಮನೆಯ ಮೋಟಾರಿನಲ್ಲಿ ಎಳೆಯಬೇಡಿ. ಮೋಟಾರು ನೀರೆಳೆಯುವ ಪೈಪಿನ ಕೆಳತುದಿಯಲ್ಲಿರುವ ಫುಟ್ ವಾಲ್ವಿನ ಜಾಲರಿಗೆ ಕೆಸರು ಕಟ್ಟಿಕೊಳ್ಳುತ್ತದೆ. ಅದನ್ನು ಬಕೆಟ್, ಬಟ್ಟೆಯಲ್ಲಿ ತೆಗೆಯಬೇಕು. ಪ್ರತಿ ಸಲ ಮೋಟಾರಿಗೆ ನೀರು ಹೊಯ್ದರೇ ಎಳೆಯುತ್ತದೆ ಎಂದಾದರೆ ಫುಟ್ ವಾಲ್ವ್ ಮೊದಲ ಆರೋಪಿ: ಒಳಗಿನ ಬಿಲ್ಲೆಯಡಿ ಕಲ್ಲುಚೂರು ಸಿಕ್ಕಿ ಪೈಪಿನ ನೀರು ಸಂಪಿಗೆ ಇಳಿದುಹೋಗುತ್ತಿರುತ್ತದೆ. ಜಾಲರಿ ನೆಲದಿಂದ ಅರ್ಧ ಅಡಿ ಮೇಲಿರಲಿ.

ಗೋಡೆ, ನೆಲವನ್ನು ಬ್ರಷ್ಷಿನಿಂದ ತಿಕ್ಕಿ ತೊಳೆದ ಮೇಲೆ ಬ್ಲೀಚಿಂಗ್ ಪೌಡರ್. ಹತ್ತು ಲೀಟರ್ ನೀರಿಗೆ 8ರಿಂದ 10 ಗ್ರಾಂ ಸಾಕು. ಮೊದಲು ಸ್ವಲ್ಪ ನೀರಿನಲ್ಲಿ ಕಲಸಿ, ಉಳಿದ ನೀರು ಸೇರಿಸಿ, ಹತ್ತು ನಿಮಿಷ ಬಿಟ್ಟು ಮೇಲಿನ ತಿಳಿಯನ್ನು ಮಾತ್ರ ಬಳಸಿ. ತಳದಲ್ಲಿ ಉಳಿಯುವುದು ಸುಣ್ಣ. ತಿಳಿಯನ್ನು ಗೋಡೆಗೆಲ್ಲ ಹಚ್ಚಿ ತಕ್ಷಣ ಮೇಲೆ ಬನ್ನಿ, ಅರ್ಧ ಗಂಟೆಯ ನಂತರ ತೊಳೆಯಿರಿ. ಆ್ಯಸಿಡ್ ಜೊತೆ ಯಾವ ಕಾರಣಕ್ಕೂ ಸೇರಿಸಬೇಡಿ, ಕ್ಲೋರಿನ್ ಅನಿಲ ಏಳುತ್ತದೆ. ಡಬ್ಬಿ ತೆರೆದಾಗ ಮೂಗಿಗೆ ಘಾಟು ಹೊಡೆಯದಿದ್ದರೆ ಪೌಡರ್ ಸತ್ತಿದೆ, ಹೊಸದು ತನ್ನಿ.

ಮತ್ತೆ ತುಂಬಿದ ನೀರಿಗೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಲೆಕ್ಕ. ಉದ್ದ, ಅಗಲ, ನೀರಿನ ಆಳವನ್ನು ಅಡಿಗಳಲ್ಲಿ ಗುಣಿಸಿ 28ರಿಂದ ಮತ್ತೆ ಗುಣಿಸಿದರೆ ಲೀಟರ್ ಸಿಗುತ್ತದೆ. 8 x 6 x 5 ಅಡಿಯ ಸಂಪು ಸುಮಾರು 6,700 ಲೀಟರ್, ಪೌಡರ್ 17 ಗ್ರಾಂ. ಇಲ್ಲೂ ಕಲಸಿ ತಿಳಿಯನ್ನಷ್ಟೇ ಸುರಿದು ಒಂದು ಗಂಟೆ ಮೋಟಾರು ಹಾಕದೆ ಬಿಡಿ.

ಖಾಲಿಯಾಗಿದ್ದಾಗಲೇ ಗೋಡೆಯ ಮೇಲೆ ಟಾರ್ಚ್ ಆಡಿಸಿ, ಚೇಂಬರ್ ಇರುವ ಕಡೆಯ ಗೋಡೆಯನ್ನು ಎರಡು ಸಲ ನೋಡಿ. ಬೇಸಿಗೆಯಲ್ಲಿ ನೀರು ಹೊರಗೆ ಸೋರುವ ಬಿರುಕಿನಲ್ಲೇ ಮಳೆಗಾಲದಲ್ಲಿ ಮಣ್ಣಿನ ನೀರು ಒಳಗೆ ಬರುತ್ತದೆ. ಅನುಮಾನವಿದ್ದರೆ ತುಂಬಿದ ಮೇಲೆ ರಾತ್ರಿ ಒಳಬರುವ ವಾಲ್ವ್ ಮುಚ್ಚಿ, ಮೋಟಾರು ಹಾಕದೆ, ನೀರಿನ ಮಟ್ಟಕ್ಕೆ ಗುರುತು ಹಾಕಿ. ಬೆಳಿಗ್ಗೆ ಅರ್ಧ ಇಂಚು ಇಳಿದಿದ್ದರೂ ಮೇಲೆ ಹೇಳಿದ ಸಂಪಿನಲ್ಲಿ ಐವತ್ತು ಲೀಟರಿಗೂ ಹೆಚ್ಚು ಹೋಗಿದೆ. ಸಂಪಿನ ಬಾಯಿಕಟ್ಟೆ ಅಂಗಳಕ್ಕಿಂತ ಅರ್ಧ ಅಡಿಯಾದರೂ ಎತ್ತರವಿರಬೇಕು. ನೆಲಮಟ್ಟದ ಮುಚ್ಚಳ ನೋಡಲು ಚೆಂದ, ಮೊದಲ ಜಡಿಮಳೆಗೆ ಕಾರು ತೊಳೆದ ನೀರೆಲ್ಲ ಒಳಗೆ.

ಬಾಲ್ ವಾಲ್ವ್

ನೀರು ತುಂಬಿದಾಗ ತೇಲುವ ಚೆಂಡು ಮೇಲೇರಿ ಒಳಬರುವ ನಲ್ಲಿಯನ್ನು ತಾನೇ ಮುಚ್ಚುವುದು ಬಾಲ್ ವಾಲ್ವ್. ಆ ಚೆಂಡನ್ನು ಬಿಚ್ಚಿ ಕಿವಿ ಹತ್ತಿರ ಅಲ್ಲಾಡಿಸಿ. ಒಳಗೆ ನೀರು ಕುಲುಕಿದರೆ ಅದು ತೂತು, ಮುಳುಗುತ್ತದೆ, ನಲ್ಲಿ ನಿಲ್ಲುವುದಿಲ್ಲ. ಚೆಂಡು ಸರಿಯಿದ್ದರೆ ಪಿಸ್ಟನ್ನಿನ ರಬ್ಬರ್ ವಾಷರ್ ನೋಡಿ. ಮೇಲೆ ಉಂಗುರದಂತೆ ಗುಳಿ ಬಿದ್ದಿದ್ದರೆ ಬದಲಿಸಬೇಕು. ಅಂಗಡಿ ಮುಚ್ಚಿದ್ದರೆ ಅದನ್ನೇ ಮಗುಚಿ ಹಾಕಿದರೆ ಕೆಲವು ದಿನ ನಡೆಯುತ್ತದೆ. ನೀರು ಓವರ್‌ಫ್ಲೋ ಪೈಪಿಗಿಂತ ಒಂದಿಂಚು ಕೆಳಗೆ ನಿಲ್ಲಬೇಕು. ಹಿತ್ತಾಳೆ ಸರಳಾದರೆ ಚೂರು ಕೆಳಕ್ಕೆ ಬಗ್ಗಿಸಿ, ಪ್ಲಾಸ್ಟಿಕ್ಕಿನದಾದರೆ ತಿರುಪು ಸರಿಮಾಡಿ. ಮೋಟಾರಿನಿಂದ ಬರುವ ಪೈಪಿಗೆ ಬಾಲ್ ವಾಲ್ವ್ ಬೇಡ. ಅದು ಮುಚ್ಚಿಕೊಂಡ ಮೇಲೂ ಮೋಟಾರು ಓಡಿ ಕಾಯುತ್ತದೆ. ಅಲ್ಲಿಗೆ ಟ್ಯಾಂಕು ತುಂಬಿದಾಗ ಮೋಟಾರನ್ನೇ ಆರಿಸುವ ಫ್ಲೋಟ್ ಸ್ವಿಚ್ಚೇ ಸರಿ.

ಟ್ಯಾಂಕು, ನಲ್ಲಿ

ಪ್ಲಾಸ್ಟಿಕ್ ಟ್ಯಾಂಕಿಗೆ ತಂತಿ ಬ್ರಷ್ ಬೇಡ, ಗೀರುಗಳಲ್ಲಿ ಪಾಚಿ ಕೂರುತ್ತದೆ. ಹೊರಹೋಗುವ ಪೈಪು ತಳಕ್ಕಿಂತ ಮೇಲಿರುವುದರಿಂದ ಕೆಸರು ಕೆಳಗೇ ಉಳಿಯುತ್ತದೆ, ಬಟ್ಟೆಯಿಂದ ಒರೆಸಿ ತೆಗೆಯಿರಿ. ಬ್ಲೀಚಿಂಗ್ ಲೆಕ್ಕ ಸಂಪಿನದ್ದೇ. ಮುಚ್ಚಳವನ್ನು ತಂತಿಯಿಂದ ಬಿಗಿದು ಕಟ್ಟಿ, ಮೇ ತಿಂಗಳ ಗಾಳಿಗೆ ಪಕ್ಕದ ಮನೆಗೆ ಹಾರುವುದು ಅದೇ. ಓವರ್‌ಫ್ಲೋ, ಗಾಳಿ ಪೈಪುಗಳ ಬಾಯಿಗೆ ಸೊಳ್ಳೆ ಜಾಲರಿ ಕಟ್ಟಿ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುವುದು ಇಂಥ ತಿಳಿನೀರಿನಲ್ಲೇ.

ನೀರು ಬಿಡುವ ಮುನ್ನ ಷವರ್ ತಲೆ, ನಲ್ಲಿ ಮೂತಿಯ ಜಾಲರಿಗಳನ್ನು ಬಿಚ್ಚಿಡಿ, ಇಲ್ಲವಾದರೆ ಕಳಚಿದ ಮರಳೆಲ್ಲ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಎಲ್ಲ ನಲ್ಲಿ ನಿಲ್ಲಿಸಿ ಫ್ಲಶ್ ಟ್ಯಾಂಕಿಗೆ ಅಡುಗೆಯ ಬಣ್ಣ ಹಾಕಿ ಅರ್ಧ ಗಂಟೆ ಕಾಯಿರಿ. ಕಮೋಡಿನಲ್ಲಿ ಬಣ್ಣ ಇಳಿದರೆ ಫ್ಲಶ್ಶಿನ ವಾಷರ್ ಹೋಗಿದೆ.

ಚೇಂಬರ್, ನಹಾನಿ ಟ್ರ್ಯಾಪ್

ಅಡುಗೆಮನೆಯ ಚೇಂಬರಿನಲ್ಲಿ ಜಿಡ್ಡು ಗಟ್ಟಿ ಪದರವಾಗಿ ಕೂತಿರುತ್ತದೆ. ಬಿಸಿನೀರು ಸುರಿದರೆ ಕರಗಿ ಮುಂದೆಲ್ಲೋ ಹೋಗಿ ಮತ್ತೆ ಹೆಪ್ಪುಗಟ್ಟುತ್ತದೆ, ಕರಣೆಯಲ್ಲಿ ಎತ್ತಿ ತೆಗೆಯುವುದೇ ದಾರಿ. ಬಳಸದ ಬಚ್ಚಲಿನ ನಹಾನಿ ಟ್ರ್ಯಾಪ್, ಅಂದರೆ ವಾಸನೆ ತಡೆಯಲು ಸ್ವಲ್ಪ ನೀರು ನಿಲ್ಲುವ ನೆಲದ ಬಾಯಿ, ಬೇಸಿಗೆಯಲ್ಲಿ ಒಣಗಿ ವಾಸನೆ, ಜಿರಲೆ ಎರಡೂ ಬರುತ್ತವೆ. ಒಂದು ಚೊಂಬು ನೀರು ಹೊಯ್ದು ಮೇಲೆ ಒಂದು ಚಮಚ ಎಣ್ಣೆ ಬಿಟ್ಟರೆ ಬೇಗ ಆರುವುದಿಲ್ಲ.

ಮೊದಲ ಜೋರು ಮಳೆಯ ಮರುದಿನ ಬೆಳಿಗ್ಗೆ ಸಂಪಿನ ಮುಚ್ಚಳ ಎತ್ತಿ ನೋಡಿ. ನೀರು ಕಂದಿದ್ದರೆ, ವಾಸನೆ ಇದ್ದರೆ, ಮಟ್ಟ ತಾನಾಗಿ ಏರಿದ್ದರೆ ಆ ನೀರನ್ನು ಕುಡಿಯಲು, ಅಡುಗೆಗೆ ಬಳಸಬೇಡಿ, ಮೇಲಕ್ಕೂ ಏರಿಸಬೇಡಿ. ಎಲ್ಲಿಂದ ಬಂತೆಂದು ಹುಡುಕಿ ಬಿರುಕು ಮುಚ್ಚಿಸಿದ ಮೇಲೆ ಇನ್ನೊಮ್ಮೆ ತೊಳೆಸಿ.