ನವೆಂಬರ್ 1ರ ದಿನವಿಶೇಷ ಬರೆಯುವ ಕ್ರಮ

ಶಾಲೆಯ ಫಲಕಕ್ಕೆ ನವೆಂಬರ್ 1ರ ದಿನವಿಶೇಷವನ್ನು ಬರೆಯುವವರು ಮೊದಲು ಘಟನೆಗಳನ್ನೂ ಆಚರಣೆಗಳನ್ನೂ ಬೇರ್ಪಡಿಸಿಕೊಳ್ಳಬೇಕು. ಕನ್ನಡ ಪ್ರದೇಶಗಳು ಒಂದೇ ಆಡಳಿತದಡಿ ಸೇರಿದ್ದು 1956ರಲ್ಲಿ, ಆ ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರಲ್ಲಿ. ಇವೆರಡನ್ನೂ ಬೆರೆಸಿಬಿಡುವ ತಪ್ಪು ಸುಲಭವಾಗಿ ನುಸುಳುವುದರಿಂದ ಇಸವಿಗಳನ್ನು ಪ್ರತ್ಯೇಕ ವಾಕ್ಯಗಳಲ್ಲಿಯೇ ನಮೂದಿಸಿರಿ. ಕೇರಳ, ಆಂಧ್ರಪ್ರದೇಶಗಳೂ 1956ರ ಅದೇ ದಿನ ರೂಪುಗೊಂಡುದಕ್ಕೆ ರಾಜ್ಯ ಪುನರ್ವಿಂಗಡಣಾ ಕಾಯ್ದೆಯೇ ಕಾರಣವೆಂದು ತಿಳಿಸಿದರೆ ಬರಿಯ ಪಟ್ಟಿಗೆ ಅರ್ಥ ಬರುತ್ತದೆ. ಹರಿಯಾಣ (1966), ಛತ್ತೀಸಗಢ (2000) ಒಂದೇ ಸಾಲಿನಲ್ಲಿ ಮುಗಿಯಲಿ. 1755ರಲ್ಲಿ ಪೋರ್ಚುಗಲ್‌ನ ಲಿಸ್ಬನ್ ನಗರದಲ್ಲಾದ ಭೂಕಂಪವನ್ನು ಮಾತ್ರ ಬಿಡಬಾರದು: ಅಂದು ಕ್ರೈಸ್ತರ ಸಕಲ ಸಂತರ ಹಬ್ಬವಿದ್ದುದರಿಂದ ಚರ್ಚುಗಳು ಜನರಿಂದ ತುಂಬಿದ್ದವು. ದೀಪಾವಳಿಯು ಪಂಚಾಂಗವನ್ನು ಅನುಸರಿಸುವುದರಿಂದ, ಯಾವುದೋ ವರ್ಷ ಇದೇ ದಿನಾಂಕಕ್ಕೆ ಬಂದರೂ ಅದನ್ನು ಕಾಯಂ ಪಟ್ಟಿಗೆ ಸೇರಿಸಕೂಡದು.