ಬ್ಲಿಟ್ಜ್ ಚೆಸ್ (ಕೆಲವೇ ನಿಮಿಷದ ವೇಗದ ಆಟ) ಆಡೋರಿಗೆ: ರಾಜನನ್ನು ಎತ್ತೋ ಮುಂಚೆ ಇದನ್ನು ಓದಿ

ನಿನ್ನೆ ಸಂಜೆ ಕಲಬುರಗಿಯ ಅಪ್ಪನ ಕೆರೆ ಹತ್ತಿರ ಐದು ನಿಮಿಷದ ಆಟ. ಎದುರಿನವರು ತಮ್ಮ ರಾಜನಿಗೆ ಬಿದ್ದ ಚೆಕ್ ನೋಡದೆ ಕುದುರೆ ನಡೆಸಿ ಕ್ಲಾಕ್ ಒತ್ತಿದರು, ನಾನು ಖುಷಿಯಲ್ಲಿ ಒಂಟೆಯಿಂದ ಅವರ ರಾಜನನ್ನೇ ಹೊಡೆದು ಪಕ್ಕಕ್ಕಿಟ್ಟೆ, ಆಮೇಲೆ ಚಹಾ ತಣ್ಣಗಾಗುವವರೆಗೂ ಸುಮ್ನೆ ಜಗಳ. ತಪ್ಪು ನನ್ನದೂ ಇತ್ತು ಅನ್ನಿ.

ಫಿಡೆ (ಅಂತಾರಾಷ್ಟ್ರೀಯ ಚೆಸ್ ಒಕ್ಕೂಟ) ನಿಯಮದಲ್ಲಿ ರಾಜನನ್ನು ಹೊಡೆಯುವ ಹಾಗೇ ಇಲ್ಲ. ರಾಜನನ್ನು ಚೆಕ್‌ನಲ್ಲೇ ಬಿಟ್ಟು ಆಡಿದ್ದು ತಪ್ಪು ನಡೆ ಅಂತ ಕ್ಲಾಕ್ ನಿಲ್ಲಿಸಿ ಹೇಳಬೇಕು, ಅದೂ ನಿಮ್ಮ ನಡೆ ಆಡುವ ಮುಂಚೆಯೇ. ಬ್ಲಿಟ್ಜ್‌ನಲ್ಲಿ ಮೊದಲ ತಪ್ಪಿಗೆ ಎದುರಾಳಿಗೆ 1 ನಿಮಿಷ ಜಾಸ್ತಿ, ಎರಡನೇದಕ್ಕೆ ಸಾಮಾನ್ಯವಾಗಿ ಸೋಲು. ಹಿಂದೆ ಒಂದೇ ತಪ್ಪಿಗೆ ಆಟ ಹೋಗುತ್ತಿತ್ತು, ಹಳಬರು ಇನ್ನೂ ಅದನ್ನೇ ಹೇಳುತ್ತಾರೆ. ಕಾಲಾಳು ಕೊನೆ ಮನೆ ಮುಟ್ಟಿದಾಗ ಅದನ್ನು ಬೇರೆ ಕಾಯಿಗೆ ಬದಲಿಸದೆ ಕ್ಲಾಕ್ ಒತ್ತಿದರೂ ತಪ್ಪು ನಡೆಯೇ.

ಗೆಳೆಯರ ಆಟದಲ್ಲಿ ರಾಜನನ್ನು ಹೊಡೆದವನೇ ಗೆದ್ದ ಅಂತ ಬೇಕಿದ್ದರೆ ಇಟ್ಟುಕೊಳ್ಳಿ, ಆದರೆ ಕ್ಲಾಕ್ ಶುರು ಮಾಡುವ ಮೊದಲೇ ಮಾತಾಡಿಕೊಳ್ಳಿ.